ಬಣ್ಣಕ್ಕೆ ಮೊದಲು ನೀರಿನ ಲೆಕ್ಕ: ಮಲಗುವ ಕೋಣೆಯನ್ನು ನಾವೇ ನವೀಕರಿಸಿಕೊಳ್ಳಬಹುದೇ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮನೆಯಲ್ಲಿ ಐವರು: ನಾನು, ನನ್ನ ಯಜಮಾನರು, ಉಬ್ಬಸವಿರುವ ಅತ್ತೆಯವರು, ಒಂಬತ್ತು ವರ್ಷದ ಮಗಳು, ಮೂರು ವರ್ಷದ ಮಗ. ಮಾವನವರು 2003ರಲ್ಲಿ ಕಟ್ಟಿಸಿದ ಮನೆ. ಹತ್ತಕ್ಕೆ ಹನ್ನೆರಡು ಅಡಿಯ ಮಲಗುವ ಕೋಣೆಯ ಒಂದು ಗೋಡೆಯ ಆಚೆ ಬಚ್ಚಲು ಇದೆ. ಆ ಗೋಡೆಯಲ್ಲಿ ನೆಲದಿಂದ ಸುಮಾರು ಎರಡು ಅಡಿಯವರೆಗೆ ಬಣ್ಣ ಉಬ್ಬಿ, ಬಿಳಿ ಪುಡಿ ಉದುರುತ್ತದೆ. ನಾಲ್ಕು ವರ್ಷಗಳಲ್ಲಿ ಎರಡು ಸಲ ಬಣ್ಣ ಹೊಡೆಸಿದರೂ ಮತ್ತೆ ಅದೇ ಕಥೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೋಗಿದೆ. ಬಾಗಿಲು, ಕಿಟಕಿಗೆ ಹಳೆಯ ಹಸಿರು ಎಣ್ಣೆ ಬಣ್ಣ. ಅದು ಸಿಪ್ಪೆ ಏಳುತ್ತಿದೆ. ಪೇಂಟರ್ ಒಳಗಿನಿಂದ ಡ್ಯಾಂಪ್ ಪ್ರೂಫ್ ಹೊಡೆಯೋಣ ಎನ್ನುತ್ತಾರೆ, ಪರಿಚಯದವರು ಪಿವಿಸಿ ಪ್ಯಾನೆಲ್ ಹಾಕಿಸಿ ಮುಚ್ಚಿಬಿಡಿ ಎನ್ನುತ್ತಾರೆ. ದಸರೆ ರಜೆಯ ಹತ್ತು ದಿನಗಳಲ್ಲಿ ನಾವಿಬ್ಬರೇ ಕೆಲಸ ಮಾಡಿ ಮುಗಿಸಬೇಕೆಂಬ ಆಸೆ. ಒಂದು ಗೋಡೆಗೆ ಗಾಢ ನೀಲಿ, ಇನ್ನೊಂದಕ್ಕೆ ವಾಲ್‌ಪೇಪರ್, ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ, ಪುಸ್ತಕದ ಹಲಗೆಗಳು, ಫಾಲ್ಸ್ ಸೀಲಿಂಗ್, ಎಲ್‌ಇಡಿ ಪಟ್ಟಿ. ಇದರಲ್ಲಿ ಎಷ್ಟು ಸಾಧ್ಯ? ಅತ್ತೆಯವರಿಗೂ ಮಗುವಿಗೂ ತೊಂದರೆ ಆಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರದ ಬಹುಭಾಗ ಬಣ್ಣ, ಮಂಚ, ದೀಪಗಳ ಬಗ್ಗೆ ಇದೆ. ನನ್ನ ಕಣ್ಣು ನಿಂತದ್ದು ಮಾತ್ರ ಬೇರೆ ಎರಡು ಕಡೆ. ಒಂದು, ಬಚ್ಚಲಿಗೆ ಹೊಂದಿಕೊಂಡ ಆ ಗೋಡೆ. ಇನ್ನೊಂದು, ಮೂರು ವರ್ಷದ ಮಗುವಿರುವ ಮನೆಯಲ್ಲಿ ಸಿಪ್ಪೆ ಏಳುತ್ತಿರುವ ಹಳೆಯ ಎಣ್ಣೆ ಬಣ್ಣ. ಈ ಎರಡನ್ನು ಸರಿಯಾದ ಕ್ರಮದಲ್ಲಿ ನಿಭಾಯಿಸಿದರೆ ಉಳಿದ ಕೆಲಸದಲ್ಲಿ ಮುಕ್ಕಾಲು ಭಾಗವನ್ನು ನೀವಿಬ್ಬರೇ ಧೈರ್ಯವಾಗಿ ಮಾಡಿಕೊಳ್ಳಬಹುದು. ಆದರೆ ತೇವದ ಗೋಡೆಗೆ ಈ ದಸರೆಯಲ್ಲಿ ಬಣ್ಣ ಬೇಡ. ಹಾಗೆ ಹೇಳುವುದಕ್ಕೆ ಕಾರಣ ವಿವರಿಸುತ್ತೇನೆ.

ಗೋಡೆಯಿಂದ ಉದುರುವ ಬಿಳಿ ಪುಡಿ ಸುಣ್ಣವಲ್ಲ, ಉಪ್ಪು. ಇಟ್ಟಿಗೆ, ಮರಳು, ಸಿಮೆಂಟ್ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಲವಣ ಇರುತ್ತದೆ. ಗೋಡೆಯೊಳಗೆ ಇಳಿದ ನೀರು ಅದನ್ನು ಕರಗಿಸಿಕೊಂಡು ಹೊರಮೈಗೆ ಬರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಹುಟ್ಟುವ ಒತ್ತಡ ಎಷ್ಟೆಂದರೆ ಗಟ್ಟಿ ಗಿಲಾವನ್ನೂ ಪುಡಿ ಮಾಡುತ್ತದೆ; ಬಣ್ಣದ ತೆಳು ಪದರ ಅದರ ಮುಂದೆ ಏನೇನೂ ಅಲ್ಲ. ನೀವು ಎರಡು ಸಲ ಹೊಡೆಸಿದ ಬಣ್ಣ ಕಳಪೆಯದಾಗಿತ್ತು ಎಂದುಕೊಳ್ಳಬೇಡಿ. ಎಷ್ಟೇ ಬೆಲೆಯ ಬಣ್ಣ ಹೊಡೆದಿದ್ದರೂ ಗತಿ ಇದೇ ಆಗುತ್ತಿತ್ತು.

ಪೇಂಟರ್ ಹೇಳಿದ ಡ್ಯಾಂಪ್ ಪ್ರೂಫ್ ಲೇಪನ ಕೆಟ್ಟ ವಸ್ತುವಲ್ಲ. ನೀರು ಬರುವ ಬದಿಯಲ್ಲಿ ಹೊಡೆದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಹೊರಬರುವ ಬದಿಯಲ್ಲಿ ಹೊಡೆದರೆ ಹಿಂದಿನಿಂದ ತಳ್ಳುವ ನೀರು ಮತ್ತು ಉಪ್ಪು ಅದನ್ನು ಗೋಡೆಯಿಂದ ಎಬ್ಬಿಸುತ್ತವೆ. ಒಂದು ಮಳೆಗಾಲ, ಹೆಚ್ಚೆಂದರೆ ಎರಡು. ಪಿವಿಸಿ ಪ್ಯಾನೆಲ್ ಇನ್ನೂ ಕೆಟ್ಟ ಸಲಹೆ. ಗೋಡೆ ಈಗ ಎರಡಡಿ ಎತ್ತರದಲ್ಲಿ ನೀರನ್ನು ಗಾಳಿಗೆ ಬಿಟ್ಟು ಸುಮ್ಮನಾಗುತ್ತಿದೆ. ಅದನ್ನು ಮುಚ್ಚಿದರೆ ಆ ನೀರು ಆವಿಯಾಗಲು ಜಾಗ ಹುಡುಕುತ್ತಾ ಇನ್ನೂ ಮೇಲೆ ಏರುತ್ತದೆ. ಪ್ಯಾನೆಲಿನ ಹಿಂದೆ ಬೂಷ್ಟು ಬೆಳೆಯುತ್ತದೆ, ಅದನ್ನು ಕೂರಿಸಲು ಹೊಡೆದ ಮರದ ಪಟ್ಟಿಗಳಿಗೆ ಗೆದ್ದಲು ಬರುತ್ತದೆ, ಮತ್ತು ಇವೆರಡೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಉಬ್ಬಸವಿರುವವರು ಮಲಗುವ ಕೋಣೆಯಲ್ಲಿ ಗೋಡೆಯ ಹಿಂದೆ ಗುಟ್ಟಾಗಿ ಬೂಷ್ಟು ಸಾಕುವುದಕ್ಕಿಂತ ಕೆಟ್ಟ ನವೀಕರಣ ಇನ್ನೊಂದಿಲ್ಲ. ಪ್ಲಾಸ್ಟಿಕ್ ಮೈಯ ವಾಲ್‌ಪೇಪರಿಗೂ ಈ ಮಾತು ಪೂರ್ತಿ ಅನ್ವಯಿಸುತ್ತದೆ.

ಹಾಗಾದರೆ ನೀರು ಬರುವುದು ಎಲ್ಲಿಂದ? ನೆಲದ ತೇವ ಏರುತ್ತಿದ್ದರೆ ಮನೆಯ ಹಲವು ಗೋಡೆಗಳಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರದ ಗುರುತು ಕಾಣಬೇಕಿತ್ತು. ನಿಮ್ಮಲ್ಲಿ ಒಂದೇ ಗೋಡೆ, ಅದೂ ಬಚ್ಚಲಿನದು. ಹಾಗಾಗಿ ನನ್ನ ಅನುಮಾನ ಮೂರು ಜಾಗಗಳ ಮೇಲೆ: ಬಚ್ಚಲಿನ ನೆಲ ಮತ್ತು ಗೋಡೆ ಸೇರುವ ಸಂದು, ನೀರು ಹೋಗುವ ನಾನಿ ಟ್ರ್ಯಾಪಿನ ಸುತ್ತ, ಗೋಡೆಯೊಳಗೆ ಹುದುಗಿರುವ ಕೊಳವೆ. 2003ರ ಮನೆ ಎಂದರೆ ಒಳಗೆ ಜಿಐ (ಸತುವಿನ ಲೇಪನದ ಕಬ್ಬಿಣ) ಕೊಳವೆ ಇರುವ ಸಾಧ್ಯತೆ ದೊಡ್ಡದು. ಇಷ್ಟು ವರ್ಷಗಳಲ್ಲಿ ಅದರ ತಿರುಗಣೆ ಜೋಡಣೆಗಳು ತುಕ್ಕು ತಿಂದಿರುತ್ತವೆ.

ಪತ್ತೆ ಮಾಡುವ ಕೆಲಸವನ್ನು ನೀವೇ ಶುರು ಮಾಡಬಹುದು, ಖರ್ಚಿಲ್ಲ. ಮೇಲಿನ ಟಾಕಿಗೆ ನೀರು ಏರಿಸದ ಒಂದು ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ, ಟಾಕಿಯ ಒಳಗೆ ನೀರಿನ ಮಟ್ಟವನ್ನು ಗುರುತು ಮಾಡಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಕೊಳವೆ ಅಥವಾ ಫ್ಲಶ್ ಸೋರುತ್ತಿದೆ. ಇಳಿಯದಿದ್ದರೆ ಅನುಮಾನ ಬಚ್ಚಲಿನ ನೆಲದ ಕಡೆಗೆ ಹೊರಳುತ್ತದೆ. ಇನ್ನೊಂದು ಪರೀಕ್ಷೆ: ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಮುಚ್ಚುವಂತೆ ಟೇಪಿನಿಂದ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈ ಬೆವರಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈ ಬೆವರಿದ್ದರೆ ಕೋಣೆಯ ಗಾಳಿಯಲ್ಲೇ ತೇವ ಹೆಚ್ಚಿದೆ. ಬಣ್ಣ ಉದುರಿದ ಜಾಗದಲ್ಲಿ ಟೇಪ್ ಹಿಡಿಯುವುದಿಲ್ಲ, ಅದರ ಸ್ವಲ್ಪ ಮೇಲಕ್ಕೆ ಅಂಟಿಸಿ.

ರಿಪೇರಿ ಮಾತ್ರ ನಿಮ್ಮ ಕೈಕೆಲಸವಲ್ಲ. ಪ್ಲಂಬರ್ ಮತ್ತು ಒಳ್ಳೆಯ ಗೌಂಡಿ ಬೇಕು. ನಿಮ್ಮ ಮುಂದೆ ಎರಡು ದಾರಿಗಳಿವೆ. ಅಗ್ಗದ ದಾರಿ, ಬಚ್ಚಲಿನ ಟೈಲ್ಸ್ ಸಂದುಗಳನ್ನು ಕೆರೆದು ಎಪಾಕ್ಸಿ ಗ್ರೌಟ್ (ನೀರು ಹೀರದ ಗಟ್ಟಿ ಅಂಟು) ತುಂಬಿಸಿ, ನಾನಿ ಟ್ರ್ಯಾಪಿನ ಸುತ್ತಲೂ ಮುಚ್ಚಿಸುವುದು. ಸೋರಿಕೆ ಸಂದುಗಳಿಂದಷ್ಟೇ ಆಗುತ್ತಿದ್ದರೆ ಇದು ಸಾಕು. ಆಗದಿದ್ದರೆ ಹಣ ಮತ್ತು ಆರು ತಿಂಗಳು ಎರಡೂ ಹೋದಂತೆ. ದುಬಾರಿ ದಾರಿ, ನೆಲದ ಟೈಲ್ಸ್ ಎಬ್ಬಿಸಿ, ನೆಲಕ್ಕೂ ಗೋಡೆಯ ಕೆಳಭಾಗಕ್ಕೂ, ಸ್ನಾನದ ನೀರು ಸಿಡಿಯುವ ಕಡೆ ತಲೆಯೆತ್ತರಕ್ಕೂ ಪಾಲಿಮರ್ ಬೆರೆತ ಸಿಮೆಂಟ್ ಲೇಪನ ಕೊಟ್ಟು ಮತ್ತೆ ಟೈಲ್ಸ್ ಕೂರಿಸುವುದು. ಈ ದಾರಿ ಹಿಡಿದರೆ ಒಂದು ಷರತ್ತನ್ನು ಬಿಟ್ಟುಕೊಡಬೇಡಿ: ಲೇಪನ ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ನೀರು ಹೋಗುವ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ನೋಡಬೇಕು. ಬಹಳಷ್ಟು ಕಡೆ ಅವಸರದಲ್ಲಿ ಬಿಟ್ಟುಹೋಗುವ ಹಂತ ಇದೇ. ಮನೆಗೆ ಒಂದೇ ಬಚ್ಚಲಿದ್ದರೆ ಆ ದಿನಗಳಲ್ಲಿ ಏನು ಮಾಡುವುದೆಂದು ಮೊದಲೇ ಯೋಚಿಸಿಕೊಳ್ಳಿ; ವಯಸ್ಸಾದವರಿರುವ ಮನೆಯಲ್ಲಿ ಇದೇ ದೊಡ್ಡ ತಲೆನೋವು.

ಸೋರಿಕೆ ನಿಂತ ಮೇಲೂ ಹಳೆಯ ಗಿಲಾವನ್ನು ಹಾಗೆಯೇ ಉಳಿಸಿಕೊಳ್ಳುವಂತಿಲ್ಲ. ಉಪ್ಪು ತುಂಬಿದ ಗಿಲಾವು ಮಳೆಗಾಲದಲ್ಲಿ ಗಾಳಿಯ ತೇವವನ್ನೇ ಹೀರಿಕೊಂಡು ಒದ್ದೆಯಾಗುತ್ತದೆ. ಆಗ ಎಲ್ಲರೂ ರಿಪೇರಿ ವಿಫಲವಾಯಿತು ಎಂದುಕೊಂಡು ಪ್ಲಂಬರನ್ನು ಬೈಯುತ್ತಾರೆ. ಆದ್ದರಿಂದ ಕಲೆಯ ಗುರುತಿಗಿಂತ ಒಂದಡಿ ಮೇಲಿನವರೆಗೆ ಗಿಲಾವು ಒಡೆಸಿ, ಇಟ್ಟಿಗೆ ಸಂದುಗಳನ್ನು ಕೆರೆಸಿ, ಗೋಡೆಯ ಮೇಲಿನ ಉಪ್ಪನ್ನು ಒಣ ಬ್ರಷ್‌ನಿಂದ ಉದುರಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಹೊಸ ಗಿಲಾವು, ಒಂದು ವಾರ ನೀರು ಕುಡಿಸುವುದು, ನಂತರ ಒಣಗಲು ಬಿಡುವುದು. ಒದ್ದೆಯಾದ ಗೋಡೆ ಪ್ರತಿ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳಂತೆ ಒಣಗುತ್ತದೆ ಎಂಬುದು ಕಟ್ಟಡದ ಕೆಲಸದವರು ಬಳಸುವ ಸ್ಥೂಲ ಲೆಕ್ಕ. ನಿಮ್ಮದು ನಾಲ್ಕೂವರೆ ಇಂಚಿನ ಅಡ್ಡಗೋಡೆಯಾದರೂ ನಾಲ್ಕೈದು ತಿಂಗಳು. ಹುಬ್ಬಳ್ಳಿಯ ಒಣ ಹವೆಯಲ್ಲಿ ಬೇಗ ಆಗಬಹುದು, ಆದರೆ ಹತ್ತು ದಿನಗಳಲ್ಲಿ ಅಂತೂ ಆಗುವುದಿಲ್ಲ. ಅಲ್ಲಿಯವರೆಗೆ ಆ ಗೋಡೆ ಬರಿ ಗಿಲಾವಿನಲ್ಲಿ ಇರಲಿ. ಪುಟ್ಟಿ, ಪ್ರೈಮರ್ ಏನೂ ಬೇಡ. ಕಪಾಟು, ಮಂಚಗಳನ್ನು ಅದರಿಂದ ಅರ್ಧ ಅಡಿಯಾದರೂ ದೂರ ಇಡಿ. ನೋಡಲು ಚೆನ್ನಾಗಿರುವುದಿಲ್ಲ ಎಂದು ಬಂದವರು ಹೇಳುತ್ತಾರೆ, ಹೇಳಲಿ.

ಈಗ ಕಿಟಕಿಯ ಮೂಲೆಯ ಬಿರುಕು. ನಿಮ್ಮ ಭಾಗದ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ತಳಪಾಯ ಅದರ ಜೊತೆ ಕೂದಲೆಳೆಯಷ್ಟು ಏರಿಳಿದರೂ ಗೋಡೆಯ ದುರ್ಬಲ ಜಾಗವಾದ ಕಿಟಕಿ, ಬಾಗಿಲಿನ ಮೂಲೆಗಳಿಂದ ಓರೆ ಬಿರುಕು ಹೊರಡುತ್ತದೆ. ನಿಮ್ಮದು ಎರೆಭೂಮಿಯ ಬಡಾವಣೆಯಾದರೆ ಕಾರಣ ಬಹುತೇಕ ಇದೇ. ಬಿರುಕು ಕಂಡರೆ ಮನೆ ಬಿತ್ತು ಎಂದು ಹೆದರುವವರೂ ಇದ್ದಾರೆ, ಪುಟ್ಟಿ ಮೆತ್ತಿದರೆ ಆಯಿತು ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ಸರಿಯಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಅತಿ ಅಗಲವಾದ ಜಾಗದ ಎರಡೂ ಬದಿಗೆ ಚುಕ್ಕೆ ಇಟ್ಟು ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ಅಳೆದಿಡಿ. ತಿಂಗಳಿಗೊಮ್ಮೆ ನೋಡಿ. ಒಂದು ಮಿಲಿಮೀಟರ್ ಒಳಗಿದ್ದು ಬೆಳೆಯದಿದ್ದರೆ ಚಿಂತೆ ಇಲ್ಲ. ಐದು ಮಿಲಿಮೀಟರ್ ದಾಟಿದ್ದರೆ, ಗೋಡೆಯ ಹೊರಮೈಯಲ್ಲೂ ಅದೇ ಗೆರೆ ಕಂಡರೆ, ಅಥವಾ ಬಾಗಿಲು ಮುಚ್ಚಲು ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಬಣ್ಣದ ಯೋಚನೆ ಬಿಟ್ಟು ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ಸಣ್ಣ ಬಿರುಕಾದರೆ ಬಾಯಿಯನ್ನು ಇಂಗ್ಲಿಷ್ ವಿ ಅಕ್ಷರದಂತೆ ಸ್ವಲ್ಪ ಅಗಲಿಸಿ, ಧೂಳು ತೆಗೆದು, ಒಣಗಿದ ಮೇಲೂ ಎಳೆದರೆ ಹಿಗ್ಗುವ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿ, ಮೇಲೆ ಫೈಬರ್ ಜಾಲಿ ಪಟ್ಟಿ ಅಂಟಿಸಿ ಪುಟ್ಟಿ ಎಳೆಯಿರಿ. ಬರಿ ಸಿಮೆಂಟ್ ಅಥವಾ ಪುಟ್ಟಿ ಗಡುಸು. ಮುಂದಿನ ಬೇಸಿಗೆಗೆ ಅದೇ ಗೆರೆ ಮತ್ತೆ ಕಾಣುತ್ತದೆ. ಮನೆಯ ಹೊರಗೆ ಆ ಗೋಡೆಯ ಬುಡದಲ್ಲಿ ಮಳೆನೀರು ನಿಲ್ಲುತ್ತಿದೆಯೇ, ಹತ್ತಿರದಲ್ಲೇ ದೊಡ್ಡ ಮರ ಇದೆಯೇ ಎಂದೂ ನೋಡಿ. ಗೋಡೆಯ ಬುಡದ ಸುತ್ತ ಹೊರಕ್ಕೆ ಇಳಿಜಾರಾದ ಸಿಮೆಂಟ್ ಪಟ್ಟಿ ಇದ್ದರೆ ಎರೆಮಣ್ಣಿನ ಆಟ ಬಹಳಷ್ಟು ಕಡಿಮೆಯಾಗುತ್ತದೆ.

ಹಸಿರು ಎಣ್ಣೆ ಬಣ್ಣದ ವಿಷಯಕ್ಕೆ ಬರುತ್ತೇನೆ. ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ನಿಮ್ಮ ಬಾಗಿಲಿನ ಬಣ್ಣ ಅದಕ್ಕಿಂತ ಬಹಳ ಹಿಂದಿನದು. ಎಣ್ಣೆ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೇಸರಿ, ಹಸಿರು ಛಾಯೆಗಳಲ್ಲಿ ಸೀಸದ ಸಂಯುಕ್ತಗಳನ್ನು ಬಳಸುವುದು ವಾಡಿಕೆಯಾಗಿತ್ತು. ನಿಮ್ಮ ಬಾಗಿಲಿನಲ್ಲಿ ಸೀಸ ಇದ್ದೇ ಇದೆ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಹೇಳಲಾಗದು. ಇದೆ ಎಂದೇ ತಿಳಿದು ನಡೆದುಕೊಳ್ಳುವುದು ಕ್ಷೇಮ. ಮಕ್ಕಳ ದೇಹಕ್ಕೆ ಇಷ್ಟು ಸೀಸ ಸುರಕ್ಷಿತ ಎಂಬ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅದು ಬೆಳೆಯುವ ಮೆದುಳಿಗೆ ಮಾಡುವ ಹಾನಿ ಸರಿಹೋಗುವಂಥದ್ದಲ್ಲ. ತೆವಳುವ, ನೆಲದ ಮೇಲೆ ಆಡುವ, ಕೈಯನ್ನು ಬಾಯಿಗೆ ಹಾಕುವ ವಯಸ್ಸಿನವರ ಹೊಟ್ಟೆಗೆ ಅದು ಧೂಳಿನ ಮೂಲಕವೇ ಸೇರುತ್ತದೆ.

ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಸೀಸವಿದ್ದರೂ ಅಪಾಯ ಕಡಿಮೆ. ಅದನ್ನು ಉಜ್ಜಿ ಪುಡಿ ಮಾಡಿದಾಗ ಅಪಾಯ ಹುಟ್ಟುತ್ತದೆ. ಇಂಟರ್‌ನೆಟ್ ವಿಡಿಯೊಗಳಲ್ಲಿ ತೋರಿಸುವಂತೆ ಯಂತ್ರದಿಂದ ಒಣಗಲೇ ಉಜ್ಜುವುದು, ಬೆಂಕಿ ಅಥವಾ ಬಿಸಿಗಾಳಿಯ ಗನ್ ಹಿಡಿದು ಬಣ್ಣ ಸುಡುವುದು, ಇವೆರಡನ್ನೂ ನಿಮ್ಮ ಮನೆಯಲ್ಲಿ ಮಾಡಲೇಕೂಡದು. ಮಕ್ಕಳನ್ನು ಅಜ್ಜಿಯ ಜೊತೆ ಬಂಧುಗಳ ಮನೆಗೆ ಕಳಿಸಿದ ದಿನ ಈ ಕೆಲಸ ಇಟ್ಟುಕೊಳ್ಳಿ. ಕೋಣೆಯ ಸಾಮಾನು ಹೊರಗೆ ಹಾಕಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಪಡಸಾಲೆಯ ಕಡೆಯ ಬಾಗಿಲಿಗೆ ಒದ್ದೆ ಬೆಡ್‌ಶೀಟ್ ಇಳಿಬಿಡಿ. ಸಿಪ್ಪೆ ಎದ್ದ ಜಾಗಕ್ಕೆ ನೀರು ಚಿಮುಕಿಸಿ, ಒದ್ದೆಯಾಗಿರುವಾಗಲೇ ಪುಟ್ಟಿ ಬ್ಲೇಡಿನಿಂದ ಕೆರೆದು ತೆಗೆಯಿರಿ. ಗಟ್ಟಿ ಇರುವ ಜಾಗದ ಹೊಳಪು ಮುರಿಯಲು ಮಾತ್ರ ವಾಟರ್‌ಪೇಪರನ್ನು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಮುಖಕ್ಕೆ ಎನ್95 ಮಾಸ್ಕ್ ಇರಲಿ. ಬಟ್ಟೆ ಕಟ್ಟಿಕೊಂಡರೆ ಈ ಧೂಳು ನಿಲ್ಲುವುದಿಲ್ಲ. ಮುಗಿದ ಮೇಲೆ ಪೊರಕೆ ಮುಟ್ಟಬೇಡಿ. ಪ್ಲಾಸ್ಟಿಕ್ಕನ್ನು ಒಳಮುಖವಾಗಿ ಮಡಚಿ ಕಟ್ಟಿ, ನೆಲವನ್ನೂ ಕಿಟಕಿಯ ದಂಡೆಯನ್ನೂ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ. ಆ ದಿನ ತೊಟ್ಟ ಬಟ್ಟೆಗಳನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಮಗ ಈಗಾಗಲೇ ಕಿಟಕಿಯ ಸಿಪ್ಪೆ ಕಿತ್ತು ಬಾಯಿಗೆ ಹಾಕಿಕೊಂಡದ್ದನ್ನು ನೋಡಿದ್ದರೆ ಮಕ್ಕಳ ವೈದ್ಯರಿಗೆ ತಿಳಿಸಿ. ರಕ್ತದಲ್ಲಿ ಸೀಸದ ಪರೀಕ್ಷೆ ಬೇಕೇ ಎಂದು ಅವರು ತೀರ್ಮಾನಿಸುತ್ತಾರೆ.

ಅತ್ತೆಯವರ ಉಬ್ಬಸಕ್ಕೂ ಬಣ್ಣದ ವಾಸನೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಡುವುದು ಪುಟ್ಟಿ ಉಜ್ಜಿದ ನಯವಾದ ಧೂಳು. ಅದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಹಾಸಿಗೆ, ಪರದೆ, ಫ್ಯಾನಿನ ರೆಕ್ಕೆಗಳ ಮೇಲೆ ಕೂರುತ್ತದೆ. ಪುಟ್ಟಿ ತೆಳುವಾಗಿ ಎಳೆದಷ್ಟೂ ಉಜ್ಜುವುದು ಕಡಿಮೆ. ಎರಡು ಕೋಟ್ ಸೇರಿ ಒಂದೂವರೆ ಮಿಲಿಮೀಟರ್ ಮೀರದಿರಲಿ. ಇನ್ನು ವಾಸನೆ ಇಲ್ಲದ ಬಣ್ಣ ಎಂದರೆ ಆವಿಯೇ ಇಲ್ಲದ ಬಣ್ಣ ಎಂದು ಹಲವರು ನಂಬಿದ್ದಾರೆ. ಮೂಗಿಗೆ ತಿಳಿಯದ ಆವಿಯೂ ಇರುತ್ತದೆ. ಗೋಡೆಗೆ ಕಡಿಮೆ ವಿಒಸಿ (ಆವಿಯಾಗಿ ಗಾಳಿಗೆ ಸೇರುವ ರಾಸಾಯನಿಕಗಳು) ಎಂದು ಡಬ್ಬಿಯ ಮೇಲೆ ಬರೆದಿರುವ ನೀರು ಬೆರೆಸುವ ಎಮಲ್ಷನ್ ತೆಗೆದುಕೊಳ್ಳಿ. ಬಾಗಿಲು, ಕಿಟಕಿಗೂ ಈಗ ನೀರಿನಲ್ಲೇ ಕಲಸುವ ಎನಾಮೆಲ್ ಸಿಗುತ್ತದೆ, ಟರ್ಪೆಂಟೈನ್ ಬೇಕಾಗುವುದಿಲ್ಲ. ಬಕೆಟ್ ನೀರಿನಲ್ಲಿ ಈರುಳ್ಳಿ ಹೆಚ್ಚಿ ಇಡುವುದು, ಊದುಬತ್ತಿ ಹಚ್ಚುವುದು ಯಾವ ಆವಿಯನ್ನೂ ಹೊರಹಾಕುವುದಿಲ್ಲ. ಊದುಬತ್ತಿಯ ಹೊಗೆ ಉಬ್ಬಸಕ್ಕೆ ಹೊಸ ತೊಂದರೆ. ಕಿಟಕಿ ತೆರೆದು, ಟೇಬಲ್ ಫ್ಯಾನನ್ನು ಕಿಟಕಿಯ ಕಡೆಗೆ ಮುಖ ಮಾಡಿ ಇಡಿ. ಕೊನೆಯ ಕೋಟ್ ಆದ ಮೇಲೆ ಕನಿಷ್ಠ ಮೂರು ರಾತ್ರಿ ಅತ್ತೆಯವರೂ ಮಕ್ಕಳೂ ಆ ಕೋಣೆಯಲ್ಲಿ ಮಲಗುವುದು ಬೇಡ. ಅವರ ಇನ್‌ಹೇಲರ್ ಆ ವಾರ ಕೈಗೆ ಸಿಗುವಲ್ಲಿ ಇರಲಿ, ಸಾಧ್ಯವಾದರೆ ಮೊದಲೇ ಅವರ ವೈದ್ಯರೊಡನೆ ಒಂದು ಮಾತು ಆಡಿ. ಕಪಾಟಿನ ಹಿಂದೆ ಕಪ್ಪು ಬೂಷ್ಟು ಕಂಡು ಬ್ಲೀಚಿಂಗ್ ನೀರಿನಿಂದ ಒರೆಸುವುದಾದರೆ, ಅದಕ್ಕೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಯಾವ ಕಾರಣಕ್ಕೂ ಬೆರೆಯಬಾರದು. ಕ್ಲೋರಿನ್ ಅನಿಲ ಹುಟ್ಟುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಕುತ್ತು.

ಮಕ್ಕಳ ಮೇಲೊಂದು ಕೆಳಗೊಂದು ಮಂಚಕ್ಕೆ ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. ನಿಮ್ಮ ಸೀಲಿಂಗ್ ಹತ್ತು ಅಡಿ ಎತ್ತರ ಎಂದುಕೊಳ್ಳೋಣ. ಫ್ಯಾನಿನ ರೆಕ್ಕೆ ಸುಮಾರು ಒಂಬತ್ತು ಅಡಿಯಲ್ಲಿ ತಿರುಗುತ್ತದೆ. ಮೇಲಿನ ಹಾಸಿಗೆ ಐದು ಅಡಿಯಲ್ಲಿದ್ದರೆ, ಅದರ ಮೇಲೆ ಎದ್ದು ನಿಂತ ನಾಲ್ಕು ಅಡಿಯ ಹುಡುಗಿಯ ತಲೆ ರೆಕ್ಕೆಯ ಮಟ್ಟಕ್ಕೆ ಬಂತು. 1200 ಮಿಲಿಮೀಟರಿನ ಫ್ಯಾನ್ ನಡುವಿನಿಂದ ಎರಡೂ ಕಡೆ ಎರಡೆರಡು ಅಡಿ ಸುತ್ತುತ್ತದೆ. ಹತ್ತು ಅಡಿ ಅಗಲದ ದಿಕ್ಕಿನಲ್ಲಿ ಗೋಡೆಗೆ ಒತ್ತಿ ಮೂರು ಅಡಿಯ ಮಂಚ ಇಟ್ಟರೆ ಅದರ ಅಂಚು ಮತ್ತು ರೆಕ್ಕೆಯ ತುದಿ ಒಂದೇ ಗೆರೆಗೆ ಬರುತ್ತವೆ. ಹನ್ನೆರಡು ಅಡಿಯ ದಿಕ್ಕಿನಲ್ಲಿ ಇಟ್ಟರೂ ಒಂದೇ ಅಡಿ ಅಂತರ. ಕೈ ಚಾಚಿದರೆ ಮುಗಿಯಿತು. ಜೊತೆಗೆ, ಆರು ವರ್ಷದೊಳಗಿನ ಮಕ್ಕಳನ್ನು ಮೇಲಿನ ಮಂಚಕ್ಕೆ ಬಿಡಬಾರದು ಎನ್ನುತ್ತಾರೆ. ಏಣಿ ಕಂಡ ಮೂರು ವರ್ಷದ ಮಗನನ್ನು ತಡೆಯುವವರು ಯಾರು? ಒಂದು ಮಂಚದ ಕೆಳಗಿನಿಂದ ಚಕ್ರದ ಮೇಲೆ ಇನ್ನೊಂದನ್ನು ಹೊರಗೆಳೆಯುವ ಜೋಡಿ ಮಂಚ ಮಾಡಿಸಿ. ಹಗಲು ಜಾಗವೂ ಉಳಿಯುತ್ತದೆ. ಅದಕ್ಕೆ ಪ್ಲೈವುಡ್ ಕೊಳ್ಳುವಾಗ ಎಂಆರ್ ಎಂಬ ಗುರುತನ್ನು ನೀರು ತಡೆಯುವುದು ಎಂದು ತಿಳಿಯಬೇಡಿ. ಅದು ಗಾಳಿಯ ತೇವವನ್ನಷ್ಟೇ ತಾಳುತ್ತದೆ. ಹಾಸಿಗೆ ಒದ್ದೆ ಮಾಡುವ ವಯಸ್ಸಿನ ಮಗುವಿರುವ ಮನೆಗೆ ಕುದಿಯುವ ನೀರನ್ನೂ ತಾಳುವ ಬಿಡಬ್ಲ್ಯುಆರ್ ಗುರುತಿನದು ಒಳ್ಳೆಯದು.

ಫಾಲ್ಸ್ ಸೀಲಿಂಗ್ ಬಿಟ್ಟುಬಿಡಿ. ವಾಸದ ಕೋಣೆಗೆ 2.75 ಮೀಟರ್, ಅಂದರೆ ಒಂಬತ್ತು ಅಡಿ ಎತ್ತರ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಆರೆಂಟು ಇಂಚು ಕಳೆದರೂ ನಿಮ್ಮ ಎತ್ತರ ಅದಕ್ಕೆ ಸಾಕಾಗುತ್ತದೆ ನಿಜ. ಆದರೆ ಫ್ಯಾನನ್ನು ಚೌಕಟ್ಟಿಗಲ್ಲ, ಸ್ಲ್ಯಾಬಿನ ಕೊಕ್ಕೆಗೇ ನೇತುಹಾಕಬೇಕು, ಹೊಸ ವೈರಿಂಗ್ ಆಗಬೇಕು, ಸ್ಲ್ಯಾಬ್ ಮುಂದೊಂದು ದಿನ ಸೋರಿದರೆ ಗೊತ್ತಾಗುವುದೇ ಇಲ್ಲ. ಇದು ನೀವಿಬ್ಬರು ರಜೆಯಲ್ಲಿ ಮಾಡುವ ಕೆಲಸವಲ್ಲ. ಆ ಹಣ ಬಚ್ಚಲಿನ ನೆಲಕ್ಕೆ ಹೋಗಲಿ. ಕೋಣೆಯ ಬೆಳಕು ಹಿತವಾಗಬೇಕೆಂದರೆ ಈಗ 6500 ಕೆಲ್ವಿನ್‌ನ ನೀಲಿಬಿಳಿ ಬಲ್ಬ್ ಇದ್ದರೆ ಅದನ್ನು ತೆಗೆದು ಹಳದಿ ಛಾಯೆಯ 3000 ಕೆಲ್ವಿನ್‌ನದು ಹಾಕಿ. ನೀಲಿ ಗೋಡೆಯ ಛಾಯೆಯನ್ನು ಆರಿಸುವುದೂ ಆ ಬೆಳಕಿನಲ್ಲೇ ಆಗಲಿ; ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಂಡ ನೀಲಿ ಮನೆಯಲ್ಲಿ ಬೇರೆಯೇ ಆಗುತ್ತದೆ.

ಪುಸ್ತಕದ ಹಲಗೆಗಳನ್ನು ನೀವೇ ಹಾಕಬಹುದು. ಬಚ್ಚಲಿನ ಗೋಡೆಗೆ ಮಾತ್ರ ಡ್ರಿಲ್ ತಾಗಿಸಬೇಡಿ, ಒಳಗೆ ಕೊಳವೆ ಇದೆ. ಉಳಿದ ಗೋಡೆಗಳಲ್ಲಿ ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಮತ್ತು ಅಡ್ಡ ಸಾಲಿನಲ್ಲಿ ತೂತು ಬೇಡ. ವೈರುಗಳು ಸಾಮಾನ್ಯವಾಗಿ ಹಾಗೆಯೇ ಓಡುತ್ತವೆ. ಗಿಲಾವಿನ ದಪ್ಪವೇ ಅರ್ಧ ಇಂಚು ಇರುವುದರಿಂದ ಇಟ್ಟಿಗೆಯೊಳಗೆ ಎರಡು ಇಂಚು ಇಳಿಯುವ ತೂತು, ಅದಕ್ಕೆ ತಕ್ಕ ಉದ್ದದ ರಾವಲ್ ಪ್ಲಗ್ (ತೂತಿನಲ್ಲಿ ಸ್ಕ್ರೂವನ್ನು ಬಿಗಿ ಹಿಡಿಸುವ ಪ್ಲಾಸ್ಟಿಕ್ ತುಂಡು) ಬೇಕು. ಪುಸ್ತಕದ ಭಾರವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಮಲಗುವವರ ತಲೆಯ ಮೇಲೆ ಹಲಗೆ ಬೇಡ. ನಿಂತಿರುವ ಕಪಾಟನ್ನೂ ಮೇಲ್ತುದಿಯಲ್ಲಿ ಗೋಡೆಗೆ ಬಿಗಿಯಿರಿ. ಡ್ರಾಯರ್‌ಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುವ ಮಕ್ಕಳ ಮೇಲೆ ಕಪಾಟು ಮಗುಚುವುದು ನಿಜಕ್ಕೂ ನಡೆಯುತ್ತದೆ. ಬಣ್ಣ ಹೊಡೆಯಲು ಸ್ವಿಚ್ ಪ್ಲೇಟ್ ಬಿಚ್ಚುವಾಗ ಮೇನ್ ಆಫ್ ಮಾಡಿ. ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ 30 ಮಿಲಿಆಂಪಿಯರಿನದೊಂದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿ.

ಹತ್ತು ದಿನಗಳನ್ನು ಹೀಗೆ ಹಂಚಿಕೊಳ್ಳಿ ಎಂಬುದು ನನ್ನ ಸಲಹೆ. ರಜೆಗೆ ಮುಂಚಿನ ವಾರಗಳಲ್ಲೇ ಟಾಕಿಯ ಪರೀಕ್ಷೆ, ಪ್ಲಂಬರ್, ಬಚ್ಚಲಿನ ರಿಪೇರಿ ಆಗಿಬಿಡಲಿ. ಗೋಡೆಯ ಗಿಲಾವು ಒಡೆಯುವ ಗಲೀಜೂ ಆಗಲೇ ಮುಗಿಯಲಿ. ರಜೆಯ ಮೊದಲ ದಿನ ಬಾಗಿಲು, ಕಿಟಕಿಯ ಒದ್ದೆ ಕೆರೆತ. ಮುಂದಿನ ಎರಡು ಮೂರು ದಿನ ಸೀಲಿಂಗ್ ಮತ್ತು ಒಳ್ಳೆಯ ಮೂರು ಗೋಡೆಗಳ ಸಿದ್ಧತೆ. ಗಟ್ಟಿಯಾಗಿರುವ ಹಳೆಯ ಬಣ್ಣವನ್ನು ಪೂರ್ತಿ ಕೆರೆಯಬೇಕು ಎಂಬುದೂ ತಪ್ಪು ತಿಳಿವಳಿಕೆ; ಅಂಗೈಯಿಂದ ಉಜ್ಜಿದಾಗ ಪುಡಿ ಬರದಿದ್ದರೆ ಸಾಕು, ತೊಳೆದು, ತೂತುಗಳನ್ನು ಮುಚ್ಚಿ, ಹಗುರವಾಗಿ ಉಜ್ಜಿದರೆ ಆಯಿತು. ಪುಡಿ ಬಂದರೆ ಅದು ಹಳೆಯ ಸುಣ್ಣ ಅಥವಾ ಡಿಸ್ಟೆಂಪರ್, ಅದನ್ನು ತೆಗೆಯಲೇಬೇಕು. ನಂತರ ಒಂದು ದಿನ ಪ್ರೈಮರ್, ಎರಡು ದಿನ ಬಣ್ಣ. ಮೂರು ಗೋಡೆಗಳು ಬಾಗಿಲು, ಕಿಟಕಿ ಕಳೆದು ಸುಮಾರು 300 ಚದರಡಿ. ಎರಡು ಕೋಟ್‌ಗೆ ಐದು ಲೀಟರ್ ಬಣ್ಣ, ಸೀಲಿಂಗಿಗೆ ಎರಡು. ಗಾಢ ನೀಲಿಗೆ ಮೂರನೆಯ ಕೋಟ್ ಬೇಕಾಗಬಹುದು, ಆ ಬಣ್ಣವನ್ನು ಸ್ವಲ್ಪ ಹೆಚ್ಚೇ ತನ್ನಿ. ನೀರು ಹೆಚ್ಚು ಬೆರೆಸಿ ಬಣ್ಣ ಉಳಿಸಲು ಹೋಗಬೇಡಿ, ಡಬ್ಬಿಯ ಮೇಲೆ ಬರೆದಷ್ಟೇ. ಮೂಲೆಗಳನ್ನು ಎರಡಿಂಚಿನ ಬ್ರಷ್‌ನಿಂದ ಮೊದಲು ಎಳೆದು, ಅದು ಹಸಿಯಿರುವಾಗಲೇ ರೋಲರ್ ಓಡಿಸಿ. ಅಂಚುಗಳಿಗೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ಬಣ್ಣ ಪೂರ್ತಿ ಒಣಗುವ ಮೊದಲೇ ಕೀಳಿ. ಉಳಿದ ದಿನಗಳು ಬಾಗಿಲಿನ ಎನಾಮೆಲಿಗೆ, ಹಲಗೆಗಳಿಗೆ ಮತ್ತು ಆ ಮೂರು ರಾತ್ರಿಗಳ ಗಾಳಿಗೆ. ವಾಲ್‌ಪೇಪರ್ ಆಸೆ ಇದ್ದರೆ ಕಿಟಕಿಯಿಲ್ಲದ ಒಳಗೋಡೆಗೆ ಮಾತ್ರ ಅಂಟಿಸಿ, ಅದೂ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯಲ್ಲಿ ಒಳಮೈ ಒಣಗಿದ್ದು ಕಂಡ ಮೇಲೆ.

ನಾಲ್ಕನೆಯ ಗೋಡೆಗೆ ಮಾರ್ಚ್‌ನಲ್ಲಿ ಮರಳಿ ಬನ್ನಿ. ಮೊದಲು ಅದೇ ಪ್ಲಾಸ್ಟಿಕ್ ಹಾಳೆಯನ್ನು ಎರಡು ದಿನ ಅಂಟಿಸಿ ನೋಡಿ. ಒಳಮೈಯಲ್ಲಿ ತೇವವಿಲ್ಲ, ಹೊಸ ಗಿಲಾವಿನ ಮೇಲೆ ಬಿಳಿ ಪುಡಿಯೂ ಇಲ್ಲ ಎಂದಾದರೆ ಪ್ರೈಮರ್ ಹೊಡೆಯಿರಿ, ಒಂದು ಭಾನುವಾರದ ಕೆಲಸ. ಪುಡಿ ಮಾತ್ರ ತೆಳುವಾಗಿ ಬಂದು ತೇವ ಇಲ್ಲದಿದ್ದರೆ ಅದು ಉಳಿದ ಉಪ್ಪು ಹೊರಬರುತ್ತಿರುವುದು. ಒಣ ಬ್ರಷ್‌ನಿಂದ ತೆಗೆದು ಇನ್ನೊಂದು ತಿಂಗಳು ಬಿಡಿ. ತೇವ ಕಂಡರೆ ಪೇಂಟರನ್ನಲ್ಲ, ಪ್ಲಂಬರನ್ನು ಮತ್ತೆ ಕರೆಯಿರಿ.